ಬೀಜ ಯಾರದು, ಬಸಿರು ಯಾರದು?

(ಪಕ್ಷದ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಕೂಟಕ್ಕೆ ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಿರಬಹುದು. ಮಜೂರಿ, ಬೋನಸು, ತುಟ್ಟಿಭತ್ಯೆ, ಅಂಗಡಿ ಬಾಡಿಗೆ, ಜಿ.ಎಸ್.ಟಿ. ತೊಡಕು ಇವನ್ನೆಲ್ಲ ಬಿಟ್ಟು ಬಸಿರು ಬಾಣಂತನದ ಮಾತು ಯಾಕೆ, ಅದು ಡಾಕ್ಟರರ ವಿಷಯವಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಉತ್ತರ ಇಷ್ಟೆ. ಎಲ್ಲಿ ಒಬ್ಬರ ಮೈದುಡಿಮೆಯ ಫಲ ಇನ್ನೊಬ್ಬರ ಮನೆಯನ್ನು ಸೇರುತ್ತದೆಯೋ ಅಲ್ಲಿ ದುಡಿಯುವವರ ಪಕ್ಷಕ್ಕೆ ಕೆಲಸವಿದೆ. ಮತ್ತೊಬ್ಬರ ಮಗುವನ್ನು ಒಂಬತ್ತು ತಿಂಗಳು ಹೊತ್ತು, ಹೆತ್ತು, ಕೊಟ್ಟು ಬರುವ ಹೆಂಗಸು ನಮ್ಮಂಥವರ ಮನೆಯವಳೇ. ಕಾರಖಾನೆಯ ಒಡೆಯರ ಮನೆಯಿಂದ ಯಾರೂ ಈ ಕೆಲಸಕ್ಕೆ ಹೊರಟುದನ್ನು ನಾವು ಕಾಣೆವು.

ಈ ವಿಷಯದಲ್ಲಿ ಎರಡು ಸುಳ್ಳುಗಳು ಜನರ ಬಾಯಲ್ಲಿ ಓಡಾಡುತ್ತಿವೆ. ಹೊತ್ತವಳ ಜಾತಿ, ಬಣ್ಣ, ಗುಣ ಮಗುವಿಗೆ ಇಳಿಯುತ್ತದೆ ಎಂಬುದು ಒಂದು. ಹೊತ್ತವಳು ಬರಿಯ ಬಾಡಿಗೆ ಮನೆ, ಮಗುವಿಗೆ ಅವಳಿಂದ ಸಲ್ಲುವುದೇನೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಜಾತಿಯ ಅಹಂಕಾರಕ್ಕೆ ಬೇಕಾದ ಸುಳ್ಳು. ಎರಡನೆಯದು ಹಣದ ಅಹಂಕಾರಕ್ಕೆ ಬೇಕಾದ ಸುಳ್ಳು. ಎರಡಕ್ಕೂ ವಿಜ್ಞಾನದಲ್ಲಿ ಆಧಾರವಿಲ್ಲ. ಅದನ್ನು ತೋರಿಸಿಕೊಡುವುದೇ ಇಂದಿನ ಭಾಷಣದ ಉದ್ದೇಶ.

ಮಾತಿನ ಅರ್ಥ

ಗರ್ಭಕೋಶವಿಲ್ಲದೆ ಹುಟ್ಟಿದ ಹೆಂಗಸರುಂಟು. ರೋಗದಿಂದ ಅದನ್ನು ತೆಗೆಸಿಕೊಂಡವರುಂಟು. ಬಸಿರು ನಿಲ್ಲದೆ ಮತ್ತೆ ಮತ್ತೆ ಕಳೆದುಕೊಂಡವರುಂಟು. ಬಸಿರಾದರೆ ಜೀವಕ್ಕೇ ಅಪಾಯವೆಂದು ಡಾಕ್ಟರರು ಹೇಳಿ ಕಳಿಸಿದವರುಂಟು. ಇವರ ಸಂಕಟ ಸಣ್ಣದಲ್ಲ. 'ಬಂಜೆ' ಎಂಬ ಒಂದು ಮಾತಿನಿಂದ ನಮ್ಮ ಊರುಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳಾಗಿದೆ ಎಂಬುದು ನಿಮಗೇ ಗೊತ್ತು. ಮಗು ಬೇಕೆಂದವರನ್ನು ಹಳಿಯುವ ಇಚ್ಛೆ ನಮಗಿಲ್ಲ.

ಇಂಥವರಿಗಾಗಿ ಬೇರೊಬ್ಬಳು ಬಸಿರು ಹೊರುವುದರಲ್ಲಿ ಎರಡು ಬಗೆಗಳಿವೆ. ಹಳೆಯ ಬಗೆಯಲ್ಲಿ ಹೊರುವವಳ ಅಂಡಾಣುವೇ ಬಳಕೆಯಾಗುತ್ತಿತ್ತು. ಮಗು ವಂಶದ ಲೆಕ್ಕದಲ್ಲಿಯೂ ಅವಳದೇ. ಅಮೆರಿಕದ ನ್ಯೂಜರ್ಸಿಯಲ್ಲಿ 1986ರಲ್ಲಿ ಹುಟ್ಟಿದ ಒಂದು ಮಗುವಿನ ವ್ಯಾಜ್ಯ 'ಬೇಬಿ ಎಂ' ಮೊಕದ್ದಮೆಯೆಂದು ಜಗತ್ತಿಗೆಲ್ಲ ತಿಳಿಯಿತು. ಹೆತ್ತವಳು ಮಗುವನ್ನು ಬಿಡಲಾರೆನೆಂದಳು. 1988ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹಣದ ಕರಾರು ಅಸಿಂಧುವೆಂದು ತೀರ್ಮಾನಿಸಿತು. ಮಗುವನ್ನು ತಂದೆಯ ಬಳಿ ಬಿಟ್ಟು, ಹೆತ್ತವಳೇ ತಾಯಿ, ಮಗುವನ್ನು ನೋಡುವ ಹಕ್ಕಿಗೆ ಅವಳು ಅರ್ಹಳು ಎಂದು ಹೇಳಿತು.

ಹೊಸ ಬಗೆ ಬೇರೆ. ಇದರಲ್ಲಿ ಅಂಡಾಣು ಒಬ್ಬಳದು, ವೀರ್ಯಾಣು ಒಬ್ಬನದು. ಎರಡನ್ನೂ ಪ್ರಯೋಗಶಾಲೆಯಲ್ಲಿ ಕೂಡಿಸಿ, ಕೆಲವು ದಿನ ಬೆಳೆಸಿ, ಆ ಭ್ರೂಣವನ್ನು ಇನ್ನೊಬ್ಬಳ ಗರ್ಭಕೋಶದಲ್ಲಿ ಇಡುತ್ತಾರೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಮೇಲೆ ಇದು ಸಾಧ್ಯವಾಯಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಪ್ರನಾಳ ಶಿಶು ಹುಟ್ಟಿತು. ಅಧಿಕಾರದಲ್ಲಿದ್ದವರು ನಂಬದೆ ಆತನನ್ನು ಕಾಡಿದರು. 1981ರಲ್ಲಿ ಆತ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ವಿಜ್ಞಾನಿಯೂ ಅಧಿಕಾರಶಾಹಿಯ ಕೈಯಲ್ಲಿ ನರಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತನ್ನದಲ್ಲದ ಭ್ರೂಣವನ್ನು ಹೊತ್ತು ಹೆತ್ತ ಮೊದಲ ಹೆಂಗಸಿನ ವರದಿ 1985–86ರಲ್ಲಿ ಅಮೆರಿಕದಿಂದ ಬಂತು.

ದೇವಕಿಯ ಬಸಿರು ರೋಹಿಣಿಯ ಒಡಲು ಸೇರಿ ಬಲರಾಮ ಹುಟ್ಟಿದನೆಂಬ ಕಥೆ ನಮಗೆಲ್ಲ ಗೊತ್ತಿದೆ. ಅದನ್ನು ತೋರಿಸಿ ಈ ವಿದ್ಯೆ ನಮ್ಮಲ್ಲಿ ಹಿಂದೆಯೇ ಇತ್ತೆಂದು ಎದೆ ತಟ್ಟಿಕೊಳ್ಳುವವರ ಮಾತು ಬೇಡ, ಕಥೆ ಕಥೆಯೇ. ಆದರೆ ಆ ಕಥೆ ಕಟ್ಟಿದವರಲ್ಲಿ ಒಂದು ನ್ಯಾಯಬುದ್ಧಿಯಿತ್ತು. ಬಲರಾಮನಿಗೆ ರೌಹಿಣೇಯನೆಂಬ ಹೆಸರೂ ಉಂಟು. ಹೊತ್ತು ಹೆತ್ತವಳ ಹೆಸರನ್ನು ಅವರು ಮಗನ ಹೆಸರಿನಲ್ಲಿ ಉಳಿಸಿದರು.

ಬೀಜದ ಲೆಕ್ಕ

ಈಗ ವಂಶದ ಲೆಕ್ಕಕ್ಕೆ ಬರೋಣ. ನಮ್ಮ ಮೈಯ ಪ್ರತಿಯೊಂದು ಜೀವಕೋಶದ ನಡುವೆ, ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ವರ್ಣತಂತುಗಳೆಂಬ 46 ಎಳೆಗಳಿವೆ. ಈ ಎಳೆಗಳ ಮೇಲೆ ವಂಶವಾಹಿಗಳು ಸಾಲಾಗಿ ಕೂತಿವೆ. ಮೈಯ ಸಾರವಸ್ತುಗಳನ್ನು ಹೇಗೆ ಕಟ್ಟಬೇಕೆಂಬ ಬರಹವುಳ್ಳ ವಂಶವಾಹಿಗಳು ಸುಮಾರು 20,000. ಅಂಡಾಣುವಿನಲ್ಲಿ 23 ಎಳೆ, ವೀರ್ಯಾಣುವಿನಲ್ಲಿ 23 ಎಳೆ. ಎರಡು ಕೂಡಿದ ಗಳಿಗೆಯಲ್ಲಿಯೇ 46 ತುಂಬಿತು. ಆಮೇಲೆ ಯಾರ ಒಡಲಿನಲ್ಲಿ ಇಟ್ಟರೂ ನಲವತ್ತೇಳನೆಯ ಎಳೆ ಬಂದು ಸೇರುವುದಿಲ್ಲ. ಇವಲ್ಲದೆ ಮೈಟೋಕಾಂಡ್ರಿಯ ಎಂಬ ಸಣ್ಣ ಕಣಗಳಲ್ಲಿ 37 ವಂಶವಾಹಿಗಳಿವೆ; ಅವೂ ಅಂಡಾಣು ಕೊಟ್ಟವಳಿಂದಲೇ ಬರುತ್ತವೆ, ಹೊತ್ತವಳಿಂದಲ್ಲ.

ಮಗುವಿನ ರಕ್ತದ ಗುಂಪು, ಕಣ್ಣಿನ ಬಣ್ಣ, ಕೂದಲಿನ ಗುಂಗುರು ಇವು ಬೀಜದಿಂದ ಬಂದವು. ತೊಗಲಿನ ಬಣ್ಣವೂ ಹಾಗೆಯೇ. ಬಿಸಿಲು ತಾಕಿದರೆ ಕಪ್ಪಾಗುವುದು ಬೇರೆ ಮಾತು. ಹೊತ್ತವಳ ರಕ್ತ ಮಗುವಿನ ನರಗಳಲ್ಲಿ ಹರಿಯುತ್ತದೆಯೆಂದು ಹಲವರು ತಿಳಿದಿದ್ದಾರೆ. ಅದೂ ತಪ್ಪು. ಅವಳ ರಕ್ತದ ಹಾದಿಯೇ ಬೇರೆ, ಮಗುವಿನ ರಕ್ತದ ಹಾದಿಯೇ ಬೇರೆ. ನಡುವೆ ತೆಳುವಾದ ಪರದೆಯಿದೆ.

ಇದನ್ನು ಪ್ರಯೋಗದಿಂದ ಮೊದಲು ಪರೀಕ್ಷಿಸಿದವನು ಇಂಗ್ಲೆಂಡಿನ ವಾಲ್ಟರ್ ಹೀಪ್. 1890ರ ಏಪ್ರಿಲ್ 27ರಂದು ಆತ ಅಂಗೋರಾ ಜಾತಿಯ ಉದ್ದಗೂದಲಿನ ಮೊಲದಿಂದ ಎರಡು ಎಳೆಯ ಭ್ರೂಣಗಳನ್ನು ತೆಗೆದು, ಬೆಲ್ಜಿಯನ್ ಜಾತಿಯ ಇನ್ನೊಂದು ಮೊಲದ ಒಡಲಿಗೆ ಸೇರಿಸಿದ. ಆ ಮೊಲ ತನ್ನ ಜಾತಿಯ ಗಂಡಿನಿಂದಲೂ ಆಗಷ್ಟೇ ಬಸಿರಾಗಿತ್ತು. ಅದು ಆರು ಮರಿ ಹಾಕಿತು. ನಾಲ್ಕು ಬೆಲ್ಜಿಯನ್, ಎರಡು ಅಪ್ಪಟ ಅಂಗೋರಾ. ಒಂದೇ ಒಡಲು, ಒಂದೇ ಆಹಾರ, ಒಂದೇ ದಿನದ ಹೆರಿಗೆ; ಆದರೂ ಅಂಗೋರಾ ಮರಿಗಳ ಕೂದಲು ಹೊತ್ತ ತಾಯಿಯಂತಾಗಲಿಲ್ಲ.

ಆದುದರಿಂದ 'ನಮ್ಮ ಜಾತಿಯವಳೇ ಹೊರಬೇಕು, ಬೆಳ್ಳಗಿನವಳೇ ಆಗಬೇಕು' ಎಂದು ಹುಡುಕುವವರು ಹಣವನ್ನೂ ಮಾನವನ್ನೂ ಕಳೆದುಕೊಳ್ಳುತ್ತಾರೆಯೇ ಹೊರತು ಮತ್ತೇನೂ ದಕ್ಕುವುದಿಲ್ಲ. ಜಾತಿಯೆಂಬುದು ಯಾವ ವರ್ಣತಂತುವಿನಲ್ಲಿಯೂ ಬರೆದಿಲ್ಲ. ಮನುಷ್ಯರ ಬಾಯಿ ಅದನ್ನು ಬರೆಯಿತು, ಮನುಷ್ಯರ ಕೈ ಅದನ್ನು ಅಳಿಸಬೇಕು. ಒಂದು ವಿಚಿತ್ರವನ್ನು ನೋಡಿ. ಯಾರ ಕೈಯ ನೀರು ಕುಡಿಯಲು ಹಿಂಜರಿಯುತ್ತಾರೋ ಅವಳ ಒಡಲಿನಲ್ಲಿ ತಮ್ಮ ಮಗುವನ್ನು ಇಡುವಾಗ ಹಿಂಜರಿಕೆಯಿಲ್ಲ. ಮಗು ಹುಟ್ಟಿದ ಮರುದಿನ ಮತ್ತೆ ಅದೇ ಮಡಿ, ಅದೇ ಮೈಲಿಗೆ.

ನಮ್ಮ ಹಳೆಯ ಶಾಸ್ತ್ರಗಳಿಗೂ ಇಲ್ಲಿ ಒಂದು ಮಾತು ಹೇಳಬೇಕು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಹೆಣ್ಣು ಹೊಲ, ಗಂಡು ಬೀಜ ಎಂಬ ವಿಚಾರವಿದೆ. ಬೀಜಕ್ಕೇ ಹೆಚ್ಚಿನ ಪಟ್ಟ. ವಂಶವಿಜ್ಞಾನ ಈ ಪಟ್ಟವನ್ನು ಕಿತ್ತುಹಾಕಿದೆ. ಬೀಜದ ಅರ್ಧವನ್ನು ಹೆಣ್ಣೇ ಕೊಡುತ್ತಾಳೆ. ಮೈಟೋಕಾಂಡ್ರಿಯವನ್ನು ಲೆಕ್ಕ ಹಿಡಿದರೆ ಅರ್ಧಕ್ಕಿಂತ ಒಂದು ಎಳೆ ಹೆಚ್ಚೇ. ಆದರೆ ಹೊರಹಾಕಿದ ಆ ಹಳೆಯ ಮಾತು ಈಗ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದೆ. ಅಂದು ಎಲ್ಲ ಹೆಂಗಸರನ್ನೂ ಹೊಲವೆಂದರು. ಇಂದು ಬಡ ಹೆಂಗಸನ್ನು ಮಾತ್ರ ಹೊಲವೆನ್ನುತ್ತಾರೆ.

ಒಡಲಿನ ಲೆಕ್ಕ

ಹಾಗಾದರೆ ಹೊಲದಿಂದ ಬೆಳೆಗೆ ಏನೂ ಇಲ್ಲವೇ? ನಮ್ಮಲ್ಲಿ ಹೊಲ ಗೈದವರು ಬಹಳ ಮಂದಿ ಇದ್ದೀರಿ. ಜಯಧರ ಹತ್ತಿಯ ಬೀಜ ಬಿತ್ತಿದರೆ ಎರೆಹೊಲದಲ್ಲಿಯೂ ಜಯಧರವೇ, ಕಲ್ಲುಹೊಲದಲ್ಲಿಯೂ ಜಯಧರವೇ. ಆದರೆ ಗಿಡದ ಎತ್ತರ, ಕಾಯಿಯ ಗಾತ್ರ, ಅರಳೆಯ ತೂಕ ಒಂದೇ ಆಗಿರುತ್ತದೆಯೇ? ಬೀಜ ತಳಿಯನ್ನು ನಿಶ್ಚಯಿಸುತ್ತದೆ. ಆ ತಳಿ ಎಷ್ಟು ತುಂಬಿ ಬರುತ್ತದೆಂಬುದರಲ್ಲಿ ನೆಲ, ನೀರು, ಗೊಬ್ಬರಗಳಿಗೂ ಪಾಲಿದೆ.

1938ರಲ್ಲಿ ಕೇಂಬ್ರಿಜ್ಜಿನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬಿಬ್ಬರು ಕುದುರೆಗಳ ಮೇಲೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಶೈರ್ ಎಂಬುದು ಭಾರಿ ಗಾಡಿಕುದುರೆ. ಶೆಟ್ಲೆಂಡ್ ಎಂಬುದು ಗಿಡ್ಡ ತಟ್ಟು. ಇವೆರಡನ್ನೂ ಅಡ್ಡತಳಿ ಮಾಡಿದರು. ಒಮ್ಮೆ ದೊಡ್ಡದು ತಾಯಿ, ಒಮ್ಮೆ ಚಿಕ್ಕದು ತಾಯಿ. ಎರಡೂ ಕಡೆ ಮರಿಗೆ ಅರ್ಧ ಶೈರ್, ಅರ್ಧ ಶೆಟ್ಲೆಂಡ್. ಆದರೂ ದೊಡ್ಡ ತಾಯಿ ಹೆತ್ತ ಮರಿ ಚಿಕ್ಕ ತಾಯಿ ಹೆತ್ತ ಮರಿಗಿಂತ ಹುಟ್ಟುವಾಗಲೇ ಸುಮಾರು ಮೂರು ಪಟ್ಟು ತೂಗಿತು. ಮನುಷ್ಯರಲ್ಲಿ, ಬೇರೊಬ್ಬಳ ಅಂಡಾಣು ಪಡೆದು ಬಸಿರಾದವರನ್ನು ಪರೀಕ್ಷಿಸಿ 1995ರಲ್ಲಿ ಇಂಗ್ಲೆಂಡಿನ ವೈದ್ಯರು ಇಂಥದೇ ಮಾತನ್ನು ಹೇಳಿದರು. ಮಗುವಿನ ಹುಟ್ಟುತೂಕ ಅಂಡಾಣು ಕೊಟ್ಟವಳ ತೂಕವನ್ನು ಅನುಸರಿಸದೆ ಹೊತ್ತವಳ ತೂಕವನ್ನು ಅನುಸರಿಸಿತು.

ಹುಟ್ಟುತೂಕ ಹೆಚ್ಚುಕಡಿಮೆಯಾದರೆ ಏನು ಮಹಾ ಎನ್ನಬೇಡಿ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ದಾದಿಯರು ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರೊಳಗೆ ಹುಟ್ಟಿದ 517 ಗಂಡಸರು ಹೆಂಗಸರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿ, 1996ರಲ್ಲಿ ಫಲವನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3. ವಯಸ್ಸು 45 ದಾಟಿದವರಲ್ಲಿ, ಹುಟ್ಟುತೂಕವೂ ಕಡಿಮೆ, ತಾಯಿಯೂ ಬಸುರಿನಲ್ಲಿ 45 ಕಿಲೋ ಮುಟ್ಟದವಳು ಎಂದಿದ್ದರೆ, ನೂರಕ್ಕೆ 20. ಇವರೆಲ್ಲ ಸ್ವಂತ ತಾಯಂದಿರು ಹೆತ್ತವರು. ಬೀಜದ ಪಾಲನ್ನೂ ಒಡಲಿನ ಪಾಲನ್ನೂ ಈ ಲೆಕ್ಕ ಬೇರ್ಪಡಿಸಿ ತೋರಿಸಲಾರದು. ಆದರೂ ತಾಯಿಯ ತಟ್ಟೆಯಲ್ಲಿ ಇಲ್ಲದ ಅನ್ನದ ಲೆಕ್ಕ ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ಕಾಣಿಸಿಕೊಳ್ಳಬಹುದು ಎಂಬ ಎಚ್ಚರಿಕೆಗೆ ಇದು ಸಾಕು.

ಹಾಲೆಂಡಿನಿಂದ ಇನ್ನೂ ಸ್ಪಷ್ಟವಾದ ಸಾಕ್ಷಿಯಿದೆ. 1944–45ರ ಚಳಿಗಾಲದಲ್ಲಿ ನಾಜಿಗಳು ಆಹಾರ ಸಾಗಣೆಯನ್ನು ತಡೆದು ಅಲ್ಲಿನ ಜನರನ್ನು ಉಪವಾಸ ಕೆಡವಿದರು. ಆ ಕ್ಷಾಮದಲ್ಲಿ ಬಸಿರು ಕಟ್ಟಿ ಹುಟ್ಟಿದವರನ್ನು ಅರವತ್ತು ವರ್ಷದ ಮೇಲೆ, ಕ್ಷಾಮವಿಲ್ಲದಾಗ ಹುಟ್ಟಿದ ಅವರ ಒಡಹುಟ್ಟಿದವರೊಡನೆ ಹೋಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲವೇನೆಂದರೆ, ಬೆಳವಣಿಗೆಗೆ ಸಂಬಂಧಪಟ್ಟ ಒಂದು ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳು ಕ್ಷಾಮದ ಮಕ್ಕಳಲ್ಲಿ ಕಡಿಮೆಯಿದ್ದವು. ವಂಶವಾಹಿಯ ಬರಹ ಬದಲಾಗಿರಲಿಲ್ಲ. ಯಾವ ಸಾಲನ್ನು ಎಷ್ಟು ಗಟ್ಟಿಯಾಗಿ ಓದಬೇಕೆಂಬ ಗುರುತು ಬದಲಾಗಿತ್ತು. ಮಗ್ಗದವರಿಗೆ ಹೀಗೆ ಹೇಳಬಹುದು: ನಮೂನೆಯ ಕಾರ್ಡು ಅದೇ, ಆದರೆ ಬಟ್ಟೆ ಹೇಗೆ ಬರುತ್ತದೆಂಬುದು ನೂಲಿನ ಬಿಗಿಯ ಮೇಲೂ ನಿಂತಿದೆ.

ಇನ್ನು ಹೊತ್ತವಳು ಕೊಡುವ ಸಾಮಗ್ರಿಯ ಪಟ್ಟಿಯನ್ನು ನೋಡಿ. ಒಂದು ಬಸಿರಿಗೆ ಅವಳ ಮೈಗೆ ಬೇಕಾಗುವ ಕಬ್ಬಿಣದ ಅಂಶ ಸುಮಾರು 1000 ಮಿಲಿಗ್ರಾಂ. ಅದರಲ್ಲಿ 300ರಷ್ಟು ಮಗುವಿಗೆ ಮತ್ತು ಮಾಸಿಗೆ ಹೋಗುತ್ತದೆ. ಮಗುವಿನ ಎಲುಬಿಗೆ ಸುಮಾರು 30 ಗ್ರಾಂ ಸುಣ್ಣದ ಅಂಶ. ಅವಳ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಏರಬೇಕು. ಗುಂಡಿಗೆ ಅಷ್ಟನ್ನೂ ತಳ್ಳಬೇಕು. ಮಗುವಿನ ಉಸಿರಿಗೆ ಬೇಕಾದ ಆಮ್ಲಜನಕ, ಮೈಗೆ ಬೇಕಾದ ಸಕ್ಕರೆ ಎಲ್ಲವೂ ಮಾಸಿನ ಮೂಲಕ ಅವಳಿಂದಲೇ. ಅವಳು ಹಿಂದೆ ಪಡೆದ ಲಸಿಕೆ, ಗೆದ್ದ ಜ್ವರಗಳಿಂದ ಅವಳ ರಕ್ತದಲ್ಲಿ ಉಳಿದ ರೋಗನಿರೋಧಕ ವಸ್ತುಗಳು ಪರದೆ ದಾಟಿ ಮಗುವಿಗೆ ಹೋಗುತ್ತವೆ; ಹುಟ್ಟಿದ ಮೇಲೆ ಮೊದಲ ಕೆಲವು ತಿಂಗಳು ಆ ಕೂಸನ್ನು ಕಾಯುವ ಕಾವಲು ಅದು. ದೊಡ್ಡ ಬಂಗಲೆಯ ತೊಟ್ಟಿಲಲ್ಲಿ ಮಲಗಿದ ಮಗುವಿನ ಮೈಯಲ್ಲಿ ನಮ್ಮ ಓಣಿಯ ತಾಯಿಯ ಕಾವಲು ನಿಂತಿರುತ್ತದೆ.

ಮಗು ಅವಳ ದನಿಯನ್ನೂ ಕೇಳುತ್ತದೆ. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹುಟ್ಟಿ ಮೂರು ದಿನ ತುಂಬದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ಹೆತ್ತವಳ ದನಿಯನ್ನೇ ಬಯಸಿದವು. 1993ರ ಇನ್ನೊಂದು ಪ್ರಯೋಗದಲ್ಲಿ ಎರಡು ದಿನದ ಕೂಸುಗಳು ಪರಭಾಷೆಗಿಂತ ತಾಯಿಯ ಭಾಷೆಗೆ ಹೆಚ್ಚು ಒಲಿದವು. ಕನ್ನಡದ ಹೆಂಗಸು ಹೊತ್ತ ಮಗು ಯಾವ ದೇಶದ ಬೀಜವೇ ಆಗಲಿ, ಅದರ ಕಿವಿಗೆ ಮೊದಲು ಬಿದ್ದ ಮಾತು ಕನ್ನಡವೇ ಆಗಿರುತ್ತದೆ. ಇಷ್ಟೆಲ್ಲ ಕೊಟ್ಟವಳನ್ನು ಬಾಡಿಗೆ ಮನೆ ಎನ್ನಬಹುದೇ? ಯಾವ ಬಾಡಿಗೆ ಮನೆಯ ಗೋಡೆ ಒಳಗಿದ್ದವನಿಗೆ ತನ್ನ ಸುಣ್ಣವನ್ನು ಕೆರೆದು ಕೊಟ್ಟಿದೆ?

ಅವಳ ಮೈಮೇಲೆ ಬೀಳುವ ಭಾರ

ಈವರೆಗೆ ಮಗುವಿನ ಕಡೆಯಿಂದ ಲೆಕ್ಕ ಹಾಕಿದೆವು. ಹೊತ್ತವಳ ಕಡೆಯಿಂದಲೂ ಒಂದು ಲೆಕ್ಕವಿದೆ. ಸಾಮಾನ್ಯ ಬಸಿರಿನಲ್ಲಿ ಮಗುವಿನ ಅರ್ಧ ತಾಯಿಯದೇ. ಇಲ್ಲಿ ವಂಶದ ಲೆಕ್ಕದಲ್ಲಿ ಪೂರ್ತಿ ಪರಕೀಯವಾದುದನ್ನು ಅವಳ ಮೈ ಒಪ್ಪಿ ಇರಿಸಿಕೊಳ್ಳಬೇಕು. ಅದಕ್ಕೆ ಮುಂಚೆ ವಾರಗಟ್ಟಲೆ ಹಾರ್ಮೋನಿನ ಮಾತ್ರೆ, ಸೂಜಿ. ಅವಳ ರಕ್ತ ಆರ್‌ಎಚ್ ನೆಗೆಟಿವ್ ಆಗಿ ಮಗುವಿನದು ಪಾಸಿಟಿವ್ ಆದರೆ, ಅವಳ ಮೈಯಲ್ಲಿ ವಿರೋಧಿ ವಸ್ತು ಹುಟ್ಟಿ, ಮುಂದೆ ಅವಳ ಸ್ವಂತ ಮಗುವಿಗೆ ಕೇಡಾದೀತು. ಹೊತ್ತಿಗೆ ಸರಿಯಾಗಿ ಸೂಜಿ ಹಾಕದಿದ್ದರೆ ಆ ಪೆಟ್ಟು ಅವಳ ಮನೆಗೆ.

ಬೇರೆಯವಳ ಅಂಡಾಣುವಿನಿಂದಾದ ಬಸಿರಿನಲ್ಲಿ ರಕ್ತದೊತ್ತಡ ಏರುವ ಅಪಾಯ ಹೆಚ್ಚೆಂದು ವೈದ್ಯರು ಬಹುಕಾಲದಿಂದ ಬಲ್ಲರು. ಕೆನಡದ ಒಂಟಾರಿಯೊ ಪ್ರಾಂತದಲ್ಲಿ 8 ಲಕ್ಷ 60 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಲೆಕ್ಕಹಾಕಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, ತಾನಾಗಿ ಬಸಿರಾದವರಲ್ಲಿ ನೂರಕ್ಕೆ 2.3 ಮಂದಿಗೆ ತೀವ್ರವಾದ ತೊಂದರೆಗಳಾದವು. ಪ್ರನಾಳ ವಿಧಾನದಿಂದ ತಮ್ಮ ಮಗುವನ್ನೇ ಹೊತ್ತವರಲ್ಲಿ 4.3; ಇನ್ನೊಬ್ಬರಿಗಾಗಿ ಹೊತ್ತವರಲ್ಲಿ 7.8. ಎಲ್ಲರಿಗೂ ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆ ಸಿಗುವ ದೇಶದ ಮಾತಿದು. ನಮ್ಮಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರು. ಅಂಥ ಮೈಯಿಂದ 1000 ಮಿಲಿಗ್ರಾಂ ಕಬ್ಬಿಣವನ್ನು ಎಲ್ಲಿಂದ ತೆಗೆಯುವುದು?

ಕೊನೆಯದಾಗಿ ಒಂದು ಸಂಗತಿ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ಪರದೆ ದಾಟಿ ಹೊತ್ತವಳ ರಕ್ತಕ್ಕೆ ಬರುತ್ತವೆ. ಗಂಡುಮಗುವನ್ನು ಹೆತ್ತ ತಾಯಂದಿರಲ್ಲಿ ಹೆರಿಗೆಯಾಗಿ 27 ವರ್ಷದ ಮೇಲೂ ಅಂಥ ಕೋಶಗಳನ್ನು ಕಂಡುದಾಗಿ 1996ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಕರಾರು ಪತ್ರದಲ್ಲಿ ಮಗುವನ್ನು ಒಪ್ಪಿಸಿದ ತಾರೀಖಿಗೆ ಸಂಬಂಧ ಮುಗಿಯಿತೆಂದು ಬರೆಯಬಹುದು. ಮೈ ಆ ತಾರೀಖನ್ನು ಕೇಳುವುದಿಲ್ಲ.

ಕಾನೂನಿನ ಕಣ್ಣಿನಲ್ಲಿ ತಾಯಿ ಯಾರು?

ಬೀಜದವಳೇ, ಬಸಿರಿನವಳೇ? ದೇಶಕ್ಕೊಂದು ಉತ್ತರ. ಇಂಗ್ಲೆಂಡಿನ 2008ರ ಕಾಯಿದೆಯಂತೆ ಹೊತ್ತವಳೇ ತಾಯಿ. ನ್ಯಾಯಾಲಯದ ಆಜ್ಞೆಯಾದ ಮೇಲೆ ಮಾತ್ರ ತಾಯ್ತನ ಬೇರೆಯವರಿಗೆ ಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1993ರಲ್ಲಿ, ಬೀಜದವಳೂ ಬಸಿರಿನವಳೂ ಬೇರೆಯಾದಾಗ ಮಗುವನ್ನು ಹುಟ್ಟಿಸಿ ಸಾಕಬೇಕೆಂದು ಮೊದಲು ಸಂಕಲ್ಪಿಸಿದವಳೇ ತಾಯಿ ಎಂದಿತು. ಜಪಾನಿನಲ್ಲಿ ಹೆತ್ತವಳೇ ತಾಯಿ. 2008ರಲ್ಲಿ ಗುಜರಾತಿನ ಆನಂದದಲ್ಲಿ ಜಪಾನೀ ದಂಪತಿಗಳಿಗಾಗಿ ಒಂದು ಹೆಣ್ಣುಮಗು ಹುಟ್ಟಿತು. ಹುಟ್ಟುವ ಮೊದಲೇ ದಂಪತಿಗಳು ಬೇರೆಯಾಗಿದ್ದರು. ಅಂಡಾಣು ಹೆಸರು ತಿಳಿಯದ ಒಬ್ಬಳದು, ಹೊತ್ತವಳು ಇನ್ನೊಬ್ಬಳು, ಬೇಕೆಂದವಳು ಮೂರನೆಯವಳು. ಮೂವರಿದ್ದರೂ ಆ ಕೂಸಿಗೆ ಕಾಗದದ ಮೇಲೆ ತಾಯಿಯಿಲ್ಲದಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ ಅಜ್ಜಿ ಮಗುವನ್ನು ಊರಿಗೆ ಒಯ್ದಳು.

ಆಗ ನಮ್ಮ ದೇಶದಲ್ಲಿ ಇದು ದೊಡ್ಡ ವ್ಯಾಪಾರವಾಗಿತ್ತು. 2015ರಲ್ಲಿ ವಿದೇಶೀಯರಿಗೆ ಬಾಗಿಲು ಮುಚ್ಚಿತು. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆ 2022ರ ಜನವರಿ 25ರಿಂದ ಜಾರಿಗೆ ಬಂತು. ಅದರಂತೆ ಹೊರುವವಳು ಮದುವೆಯಾದವಳು ಅಥವಾ ಹಿಂದೆ ಮದುವೆಯಾಗಿದ್ದವಳು, ಸ್ವಂತ ಮಗುವುಳ್ಳವಳು, 25ರಿಂದ 35 ವಯಸ್ಸಿನವಳು ಆಗಿರಬೇಕು; ಜೀವಮಾನದಲ್ಲಿ ಒಂದೇ ಸಲ; ತನ್ನ ಅಂಡಾಣುವನ್ನು ಕೊಡಕೂಡದು. ವೈದ್ಯಕೀಯ ವೆಚ್ಚ, ನಿಯಮದಲ್ಲಿ ಹೇಳಿದ ಇತರ ವೆಚ್ಚ, 36 ತಿಂಗಳ ವಿಮೆ ಇವಿಷ್ಟರ ಹೊರತು ಅವಳಿಗೆ ಪ್ರತಿಫಲ ಸಲ್ಲದು. ವ್ಯಾಪಾರಕ್ಕೆ ಹತ್ತು ವರ್ಷದವರೆಗೆ ಸೆರೆ. ಮಗು ಬೇಕೆಂದ ದಂಪತಿಗಳ ಬೀಜವೇ ಎರಡೂ ಆಗಿರಬೇಕೆಂದು 2023ರಲ್ಲಿ ನಿಯಮ ಮಾಡಿದರು. ವೈದ್ಯಕೀಯ ಕಾರಣವಿದ್ದರೆ ಒಂದು ದಾನದ್ದಾಗಬಹುದೆಂದು 2024ರಲ್ಲಿ ಸಡಿಲಿಸಿದರು. ಹೇಗೇ ಆದರೂ, ಹುಟ್ಟಿದ ಮಗು ಆ ದಂಪತಿಗಳ ಜೈವಿಕ ಮಗುವೆಂದೇ ಕಾನೂನು ಎಣಿಸುತ್ತದೆ. ಅಂಡಾಣು ಬೇರೊಬ್ಬಳದಾದರೂ 'ಜೈವಿಕ' ಎನ್ನುವುದಾದರೆ, ತಾಯಿ ಯಾರೆಂದು ವಂಶವಾಹಿ ತಾನಾಗಿ ತೀರ್ಪು ಕೊಡುವುದಿಲ್ಲವೆಂದೇ ಅರ್ಥ. ತೀರ್ಪು ಕೊಡುವವರು ಮನುಷ್ಯರು. ಮನುಷ್ಯರು ಕೊಟ್ಟ ತೀರ್ಪನ್ನು ಮನುಷ್ಯರು ತಿದ್ದಬಹುದು.

ನಮ್ಮ ಕೇಳಿಕೆ

ಮಗುವನ್ನು ಮಾರುವ ಕೊಳ್ಳುವ ಸಂತೆ ಮತ್ತೆ ತೆರೆಯಬೇಕೆಂದು ನಾವು ಹೇಳುವುದಿಲ್ಲ. ಆ ಸಂತೆಯಲ್ಲಿ ದಲ್ಲಾಳಿ ಕೊಬ್ಬಿದ, ಹೆಂಗಸು ಬಡವಳಾಗಿಯೇ ಉಳಿದಳು. ಆದರೆ ಈಗಿನ ಏರ್ಪಾಡಿನಲ್ಲಿಯೂ ಒಂದು ವಕ್ರತೆಯಿದೆ. ಡಾಕ್ಟರರಿಗೆ ಫೀಸು, ಪ್ರಯೋಗಶಾಲೆಗೆ ಬಿಲ್ಲು, ವಕೀಲರಿಗೆ ಶುಲ್ಕ, ವಿಮಾ ಕಂಪನಿಗೆ ಕಂತು. ಪರೋಪಕಾರದ ಪಾಠ ಹೊತ್ತವಳೊಬ್ಬಳಿಗೆ ಮಾತ್ರ. ಗುಟ್ಟಾಗಿ ಹಣ ಕೈ ಬದಲಾಯಿಸಿದರೆ ಅದನ್ನು ಕೇಳುವ ಧೈರ್ಯವೂ ಅವಳಿಗಿರದು. ಮೋಸ ಹೋದರೆ ದೂರು ಕೊಡುವ ಬಾಯಿಯೂ ಕಟ್ಟಿಹೋಗುತ್ತದೆ.

ಆದುದರಿಂದ ನಾವು ಐದು ಮಾತುಗಳನ್ನು ಕೇಳುತ್ತೇವೆ.

ಒಂದು, ಒಪ್ಪಿಗೆ. ಅವಳಿಗೆ ತಿಳಿಯುವ ಭಾಷೆಯಲ್ಲಿಯೇ ಒಪ್ಪಿಗೆ ಪಡೆಯಬೇಕೆಂದು ಕಾಯಿದೆ ಹೇಳಿದೆ. ಭ್ರೂಣ ಇಡುವ ಮುಂಚೆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕೂ ಅವಳಿಗಿದೆ. ನಮ್ಮ ಜಿಲ್ಲೆಯಲ್ಲಿ ಆ ಕಾಗದ ಕನ್ನಡದಲ್ಲಿರಲಿ; ಅವಳು ನಂಬುವ ಒಬ್ಬರ ಎದುರಿಗೆ ಗಟ್ಟಿಯಾಗಿ ಓದಿ ಹೇಳಲಿ; ಒಂದು ಪ್ರತಿ ಅವಳ ಕೈಯಲ್ಲಿರಲಿ. ಗಂಡನ, ಅತ್ತೆಯ, ಸಾಲ ಕೊಟ್ಟವನ ಒತ್ತಾಯದಿಂದ ಬಂದ ಒಪ್ಪಿಗೆ ಒಪ್ಪಿಗೆಯಲ್ಲ.

ಎರಡು, ನಷ್ಟ ಪರಿಹಾರ. ಆಕೆ ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಮಜೂರಿ, ಅಂಗಡಿ ಮುಚ್ಚಿದ ದಿನಗಳ ನಷ್ಟ ಅವಳಿಗೆ ಬ್ಯಾಂಕಿನ ಮೂಲಕ ನೇರವಾಗಿ ಸಲ್ಲಬೇಕೆಂದು ಕಾನೂನು ಬಿಚ್ಚಿ ಹೇಳಲಿ. ಇದು ಮಗುವಿನ ಬೆಲೆಯಲ್ಲ, ಅವಳ ಹೊಟ್ಟೆಯ ಲೆಕ್ಕ.

ಮೂರು, ರಜೆ. ಮಗು ಪಡೆಯುವ ತಾಯಿಗೆ 12 ವಾರದ ಹೆರಿಗೆ ಸವಲತ್ತನ್ನು 2017ರಲ್ಲಿ ತಂದಾಗ, ತನ್ನ ಅಂಡಾಣುವಿನಿಂದ ಭ್ರೂಣವಾದ ಜೈವಿಕ ತಾಯಿ ಎಂದು ವ್ಯಾಖ್ಯೆ ಬರೆದರು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಮಾತಿದೆ. ಸಂಬಳದ ರಜೆಗೂ ಬೀಜದ ಲೆಕ್ಕವೇ ಎಂದು ಕೇಳಬೇಕಾಗಿದೆ. ಕೇಂದ್ರ ಸರ್ಕಾರದ ನೌಕರರಿಗೆ 2024ರಲ್ಲಿ ಮಾಡಿದ ತಿದ್ದುಪಡಿ ನ್ಯಾಯಕ್ಕೆ ಹತ್ತಿರವಾಗಿದೆ: ಹೊತ್ತವಳಿಗೂ, ಪಡೆದವಳಿಗೂ, ಇಬ್ಬರು ಮಕ್ಕಳಿಗಿಂತ ಕಡಿಮೆಯಿದ್ದರೆ, 180 ದಿನ. ನೌಕರಶಾಹಿಗೆ ಸಿಕ್ಕಿದ್ದು ಗಿರಣಿಯವಳಿಗೂ ಗಾರ್ಮೆಂಟಿನವಳಿಗೂ ಸಿಗಬೇಡವೇ? ಮನೆಗೆಲಸದವಳಿಗೆ, ಬೀದಿಬದಿ ಸೊಪ್ಪು ಮಾರುವವಳಿಗೆ ಸಂಬಳದ ರಜೆ ಕೊಡುವ ಯಜಮಾನನೇ ಇಲ್ಲ. ಅವರ ಹೊಣೆಯನ್ನು ಸರ್ಕಾರ ಹೊರಲಿ.

ನಾಲ್ಕು, ಆರೋಗ್ಯ. ಬಸಿರಿಗೆ ಮುಂಚೆ ರಕ್ತಪರೀಕ್ಷೆಯಾಗಿ, ರಕ್ತಹೀನತೆ ನೀಗಿದ ಮೇಲೆಯೇ ಮುಂದಿನ ಹೆಜ್ಜೆ ಇಡಲಿ. ಹೆರಿಗೆಯಾದ ಮೇಲೆ ಕೂಸಿನ ಹಿಂದೆ ಎಲ್ಲರೂ ಹೊರಟುಹೋಗುತ್ತಾರೆ. ಬಾಣಂತಿಯನ್ನು ನೋಡುವವರು ಬೇಕು. ತುಂಬಿದ ಎದೆಯ ಹಾಲಿಗೆ ಕುಡಿಯುವ ಬಾಯಿಲ್ಲದ ನೋವು ಏನೆಂಬುದನ್ನು ಇಲ್ಲಿ ಕುಳಿತ ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ.

ಐದು, ಮಾತು. 'ಬಾಡಿಗೆ ತಾಯಿ' ಎಂಬ ಹೆಸರನ್ನು ಬಿಡೋಣ. ಕಾಯಿದೆ ಬಾಡಿಗೆ ಕೊಡಕೂಡದೆಂದು ಹೇಳಿ ಅವಳ ಹಣೆಗೆ ಮಾತ್ರ ಬಾಡಿಗೆಯವಳೆಂಬ ಚೀಟಿ ಅಂಟಿಸಿದೆ. ಕನ್ನಡದಲ್ಲಿ ಹೊತ್ತ ತಾಯಿ, ಹೆತ್ತ ತಾಯಿ, ಸಾಕಿದ ತಾಯಿ ಎಂಬ ಒಳ್ಳೆಯ ಮಾತುಗಳು ಮೊದಲಿನಿಂದಲೂ ಇವೆ. ಅವಳು ಹೊತ್ತ ತಾಯಿ. ಹಾಗೆಯೇ ಕರೆಯೋಣ.

ಅವಳು ಮಗುವಿಗೆ ಒಂದು ವಂಶವಾಹಿಯನ್ನೂ ಕೊಡಲಿಲ್ಲ ಎಂಬುದು ನಿಜ. ನೇಕಾರನೂ ಹತ್ತಿಯನ್ನು ಬೆಳೆಯುವುದಿಲ್ಲ, ನಮೂನೆಯನ್ನು ಬರೆಯುವುದಿಲ್ಲ. ಅಷ್ಟರಿಂದ ಬಟ್ಟೆಯಲ್ಲಿ ಅವನ ಪಾಲಿಲ್ಲವೆಂದು ಹೇಳಿದ ಒಡೆಯನ ಮಾತನ್ನು ನಾವು ಎಂದೂ ಒಪ್ಪಿಲ್ಲ. ಈ ಮಾತನ್ನೂ ಒಪ್ಪಬಾರದು.